ಪಾದ ಹೇಳಿದ ಅಂಕಿ

ಫೆಬ್ರವರಿ ೩

ನನ್ನ ಮೊಳೆಗೆ,

ಅಪ್ಪನ ಅಕ್ಷರ ನೋಡಿ ಮುಖ ತಿರುಗಿಸಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ "ಆಪರೇಷನ್ ಇದೆ" ಅನ್ನುತ್ತೀಯ. ಅರಿವಳಿಕೆ ಕೊಡುವ ಡಾಕ್ಟರಿಗೆ ಆಪರೇಷನ್ ಇರುವುದು ಸಹಜ. ಆದರೆ ಅಮ್ಮ ಹೋದಾಗಿನಿಂದ, ಎಂಟು ತಿಂಗಳಿಂದ, ಒಂದೇ ಆಪರೇಷನ್ ನಡೆಯುತ್ತಿದೆಯೇನೋ ಅನ್ನುವ ಅನುಮಾನ ನನ್ನದು. ಅದಕ್ಕೇ ಈ ಕಾಗದ. ಕಾಗದ ಎದುರು ಮಾತಾಡುವುದಿಲ್ಲ, ಪುರುಸೊತ್ತಾದಾಗ ಓದಿ ಬೈದುಕೊಳ್ಳಬಹುದು.

ವಿಷಯಕ್ಕೆ ಬರುತ್ತೇನೆ. ಅಂಗಡಿ ಮಾರಿದೆ. ನಲವತ್ತೊಂದು ವರ್ಷ ನಾನು ಬೂಟು ಹೊಲಿದ ಜಾಗದಲ್ಲಿ ಇನ್ನು ಕನ್ನಡಕ ಮಾರುತ್ತಾರಂತೆ. ಕಾಲಿನಿಂದ ಕಣ್ಣಿಗೆ, ಅಂಗಡಿಗೆ ಬಡ್ತಿ ಸಿಕ್ಕಿತು ಎಂದು ಕೊಂಡವನಿಗೆ ಹೇಳಿದೆ. ಅವನು ನಗಲಿಲ್ಲ. ಗಿರಾಕಿಗಳ ಪಾದದ ಮರದ ಅಚ್ಚುಗಳನ್ನು ಒಂದು ಚೀಲದಲ್ಲಿ ಹೊತ್ತು ಅವರವರ ಮನೆಗೆ ತಲುಪಿಸಿದೆ. ತೀರಿಕೊಂಡ ಜಡ್ಜ್ ಸಾಹೇಬರ ಹೆಂಡತಿ ಗಂಡನ ಅಚ್ಚನ್ನು ಹಿಂದುಮುಂದು ತಿರುಗಿಸಿ, ನಾನು ಪೆನ್ಸಿಲ್ಲಿನಲ್ಲಿ ಬರೆದಿದ್ದನ್ನು ಓದಿ, "ಅವ್ರಿಗೆ ಎಡಗಾಲಲ್ಲಿ ಆಣಿ ಇತ್ತಾ? ನಂಗೆ ಒಂದ್ ದಿನಾನೂ ಹೇಳ್ಲಿಲ್ವಲ್ಲ!" ಎಂದು ಅತ್ತುಬಿಟ್ಟರು. ನಮ್ಮ ಅಂಗಡಿಯ ಪದ್ಧತಿ ನಿನಗೆ ನೆನಪಿರಬೇಕು. ರಸೀದಿಯ ಮೇಲೆ ಗಿರಾಕಿ ಹೇಳಿದ್ದು, ಅಚ್ಚಿನ ಮೇಲೆ ಪಾದ ಹೇಳಿದ್ದು. ಗಿರಾಕಿ "ಸರಿಯಾಗಿದೆ" ಅಂದರೂ ಬೂಟಿನೊಳಗೆ ಬೆರಳು ಮುದುಡಿದರೆ ನಾವು ನಂಬುವುದು ಬೆರಳನ್ನು.

ನಿನ್ನ ಅಮ್ಮನ ಜೋಡಿ ಅಚ್ಚನ್ನು ಮಾತ್ರ ಮನೆಗೆ ತಂದಿಟ್ಟುಕೊಂಡೆ.

ಅಂಗಡಿಯಿಂದ ಬಂದದ್ದನ್ನು ದೊಡ್ಡಾಸ್ಪತ್ರೆಗೆ ದಾನ ಕೊಡಬೇಕೆಂದಿದ್ದೇನೆ. ಅಲ್ಲಿ ಸಮಗ್ರ ಚಿಕಿತ್ಸೆ ಎಂಬ ಹೊಸ ವಿಭಾಗ ತೆರೆದಿದ್ದಾರೆ. ಔಷಧಿ ಒಂದು ಕಡೆ, ಮೈ ನೀವುವುದು, ಉಸಿರಾಟ ಕಲಿಸುವುದು, ಪಕ್ಕದಲ್ಲಿ ಕೂತು ಮಾತಾಡಿಸುವುದು ಇನ್ನೊಂದು ಕಡೆ ಎನ್ನದೆ ಎಲ್ಲವನ್ನೂ ಕೂಡಿಸಿ ರೋಗಿಯನ್ನು ನೋಡುತ್ತಾರೆ. ಯಾವುದು ನಿಜಕ್ಕೂ ನೋವು ಇಳಿಸುತ್ತದೆ, ಯಾವುದು ಬರೀ ಬಾಯಿಮಾತು ಎಂದು ಪರೀಕ್ಷೆ ಮಾಡುತ್ತಾರೆ, ಗೊತ್ತಾದದ್ದನ್ನು ನರ್ಸು, ಡಾಕ್ಟರು ಆಗುವವರಿಗೆ ಕಲಿಸುತ್ತಾರೆ. ಸರ್ಕಾರದ ಹಣ ಗೋಡೆ ಕಟ್ಟುವಷ್ಟರಲ್ಲಿ ಮುಗಿಯಿತಂತೆ. ಒಳಗಿನ ಕೆಲಸವೆಲ್ಲ ನನ್ನಂಥವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಲು ನೀವುವುದರ ಪರೀಕ್ಷೆ ನಿನ್ನ ಅಮ್ಮನ ಹೆಸರಿನಲ್ಲಿ ನಡೆಯಲಿ ಅಂತ ನನ್ನ ಆಸೆ.

ಅದಕ್ಕೆ ನೀನೊಂದು ಉಪಕಾರ ಮಾಡಬೇಕು. ಅವಳು ಮನೆಯಲ್ಲಿ ಮಲಗಿದ್ದ ತೊಂಬತ್ತೊಂದು ದಿನ, ದಿನಾ ನಾಲ್ಕು ಗಂಟೆಗೆ ನಾನು ಬೆಚ್ಚಗಿನ ಎಣ್ಣೆ ಹಚ್ಚಿ ಕಾಲು ನೀವಿ, "ಎಷ್ಟು?" ಎಂದು ಕೇಳಿ, ಸೊನ್ನೆಯಿಂದ ಹತ್ತರೊಳಗೆ ಅವಳು ಹೇಳಿದ ನೋವಿನ ಅಂಕಿಯನ್ನು ಬರೆದಿಟ್ಟ ನೀಲಿ ನೋಟ್‌ಬುಕ್ಕನ್ನು ನೀನು ಒಯ್ದಿದ್ದೀಯ. ವಿಭಾಗದವರಿಗೆ ಅದು ಬೇಕು. ಕಳಿಸಿಕೊಡು.

ಊಟ ಸರಿಯಾಗಿ ಮಾಡುತ್ತೀಯಾ?

ನಿನ್ನ
ಅಪ್ಪ


ಫೆಬ್ರವರಿ ೧೯

ಅಪ್ಪನಿಗೆ,

ನೋಟ್‌ಬುಕ್ ಕೊಡುವುದಿಲ್ಲ.

ಕಾರಣ ಕೇಳುತ್ತೀಯ ಎಂದು ಗೊತ್ತು. ಹದಿಮೂರು ಭಾನುವಾರ ನೀನು ಫೋನಿನಲ್ಲಿ ಆ ನೋಟ್‌ಬುಕ್ ಓದಿ ಹೇಳಿದೆ. "ಮೂರು, ಎರಡು, ಮೂರು, ಮೂರು." ಹದಿಮೂರು ಭಾನುವಾರವೂ ನಾನು ಅಲ್ಲಿಯ ಡಾಕ್ಟರಿಗೆ ಫೋನ್ ಮಾಡಿ, ನೋವಿನ ಔಷಧಿ ಈಗಿರುವಷ್ಟೇ ಸಾಕು ಎಂದೆ. ಕೊನೆಯ ವಾರ ಅವಳನ್ನು ವಾರ್ಡಿಗೆ ಸೇರಿಸಿದಾಗ ನನಗಿಂತ ಚಿಕ್ಕ ಡಾಕ್ಟರೊಬ್ಬಳು ಕೇಸ್ ಹಾಳೆ ನೋಡಿ ನನ್ನನ್ನು ಕೇಳಿದಳು: "ನೀವೂ ಇದೇ ಫೀಲ್ಡಲ್ವಾ ಮೇಡಂ? ಇಷ್ಟ್ ಕಡಿಮೆ ಡೋಸಲ್ಲಿ ಇವ್ರನ್ನ ಹೇಗ್ ಬಿಟ್ರಿ?" ಅಲ್ಲಿ ನೀನೂ ಇದ್ದೆ. ಕಿಟಕಿಯ ಹೊರಗೆ ನೋಡುತ್ತಿದ್ದೆ.

ಊರವರ ನೋವನ್ನೆಲ್ಲ ಅಳಿಸುವುದು ನನ್ನ ಕೆಲಸ. ಹೆತ್ತ ತಾಯಿಯ ನೋವನ್ನು ನಿನ್ನ ನೋಟ್‌ಬುಕ್ ನಂಬಿ ಬಿಟ್ಟೆ. ಅವಳು ಹೇಳಿದ್ದನ್ನು ನೀನು ಬರೆಯಲಿಲ್ಲ, ನಿನಗೆ ಕೇಳಬೇಕೆನಿಸಿದ್ದನ್ನು ಬರೆದೆ. ನಿನ್ನ ಕೈಯಿಂದಲೇ ಅವಳ ನೋವು ಇಳಿಯುತ್ತಿದೆ ಎನ್ನುವ ಹೆಮ್ಮೆ ನಿನಗೆ. ಈಗ ಅದಕ್ಕೊಂದು ಸ್ಮಾರಕ ಬೇಕು, ಅಂಗಡಿ ಮಾರಿ, ಅವಳ ಹೆಸರು ಹಚ್ಚಿ.

ಆ ಹಣ ನಿನ್ನ ಮುಪ್ಪಿಗೆ ಇರಲಿ. ಇನ್ನು ಈ ವಿಷಯ ಬರೆಯಬೇಡ.

ಮಗಳು


ಮಾರ್ಚ್ ೬

ಮೊಳೆ,

ಹೆಸರಿಗೆ ತಕ್ಕ ಹಾಗೆ ಬರೆದಿದ್ದೀಯ. ಅಂಬೆಗಾಲಿಡುವಾಗ ಅಂಗಡಿಯ ನೆಲದ ಮೇಲೆ ಬಿದ್ದ ಸಣ್ಣ ಮೊಳೆಗಳನ್ನೆಲ್ಲ ಮುಷ್ಟಿಯಲ್ಲಿ ಕೂಡಿಡುತ್ತಿದ್ದೆ ಎಂದು ನಿನ್ನ ಅಮ್ಮ ಆ ಹೆಸರಿಟ್ಟಳು. ಈಗ ಒಂದೊಂದನ್ನೇ ನನಗೆ ಹೊಡೆಯುತ್ತಿದ್ದೀಯ. ಹೊಡೆ. ಗಟ್ಟಿ ಚರ್ಮ ನನ್ನದು.

ವಿಷಯ ಬರೆಯಬೇಡ ಎಂದೆ, ಬರೆಯುತ್ತೇನೆ. ಕಾಲು ಕೆರೆದು ಜಗಳಕ್ಕೆ ಬರುವುದು ನಿನಗೊಬ್ಬಳಿಗೇ ಬರುತ್ತದೆಯೇ?

ವಿಭಾಗಕ್ಕೆ ವಾರಕ್ಕೆ ಎರಡು ದಿನ ಹೋಗುತ್ತಿದ್ದೇನೆ. ಮುಖ್ಯಸ್ಥೆಯ ಬೂಟು ಕಿರ್ರೆನ್ನುತ್ತದೆ, ಕಾರಿಡಾರಿನ ಆ ತುದಿಯಲ್ಲಿದ್ದರೂ ಗೊತ್ತಾಗುತ್ತದೆ. ಕಿರ್ರು ಡಾಕ್ಟರು ಎಂದು ಹೆಸರಿಟ್ಟಿದ್ದೇನೆ, ಅವರಿಗೂ ಹೇಳಿದ್ದೇನೆ. ನರ್ಸಿಂಗ್ ಓದುವ ಹನ್ನೆರಡು ಹುಡುಗಿಯರು ನನ್ನ ಕಾಲಿನ ಮೇಲೆ ನೀವುವುದನ್ನು ಕಲಿಯುತ್ತಾರೆ. ಒಬ್ಬಳು ಹಿಟ್ಟು ನಾದಿದ ಹಾಗೆ ನಾದುತ್ತಾಳೆ. ಇನ್ನೊಬ್ಬಳು ಕಚಗುಳಿ ಇಡುತ್ತಾಳೆ, ನಾನು ನಕ್ಕರೆ ಹೆದರಿ ಕೈ ತೆಗೆಯುತ್ತಾಳೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಮುಖ ನೋಡಬೇಡಿ, ಬೆರಳು ನೋಡಿ ಎಂದು ನಾನು ಬಡಿದುಕೊಳ್ಳುತ್ತೇನೆ.

ಪರೀಕ್ಷೆ ಹೇಗೆಂದರೆ, ಅರ್ಧ ಜನ ರೋಗಿಗಳಿಗೆ ಔಷಧಿಯ ಜೊತೆ ಕಾಲು ನೀವುತ್ತಾರೆ. ಉಳಿದ ಅರ್ಧಕ್ಕೆ ಔಷಧಿಯ ಜೊತೆ ಯಾರೋ ಒಬ್ಬರು ಕೂತು ಪೇಪರ್ ಓದಿ ಹೇಳುತ್ತಾರೆ. ಆಮೇಲೆ ಅಂಕಿ ಕೇಳುವುದು ಮೂರನೆಯವರು, ಯಾರಿಗೆ ಏನು ಮಾಡಿದ್ದಾರೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಆ ಮೂರನೆಯವರ ಸಂಬಳವೇ ಇಲ್ಲದೆ ಪರೀಕ್ಷೆ ನಿಂತಿತ್ತು. ನನ್ನ ಅಂಗಡಿಯ ಹಣ ಹೋಗುವುದು ಮುಖ್ಯವಾಗಿ ಅದಕ್ಕೆ.

ಕಿರ್ರು ಡಾಕ್ಟರು ನೇರ ಮಾತಿನವರು. "ನೋಡಿ ಯಜಮಾನ್ರೇ, ಕಾಲು ನೀವೋದ್ರಿಂದ ಏನೂ ಉಪಯೋಗ ಇಲ್ಲ ಅಂತ್ಲೂ ಬರಬಹುದು. ಆಗ ಹಾಗೇ ಬರೀತೀವಿ, ನಿಮ್ಮನೆಯವ್ರ ಹೆಸ್ರಲ್ಲೇ. ತಡ್ಕೋತೀರಾ?" ಎಂದರು.

"ತಡ್ಕೋತೀನಿ," ಎಂದೆ.

ನೀನು ಹೇಳಿದಂಥ ಸ್ಮಾರಕ ಕಟ್ಟುವವರು ಯಾರಾದರೂ ಈ ಮಾತು ಒಪ್ಪುತ್ತಾರೆಯೇ, ಯೋಚನೆ ಮಾಡು. ನೋಟ್‌ಬುಕ್ಕಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.

ನಿನ್ನ
ಅಪ್ಪ


ಏಪ್ರಿಲ್ ೧೧

(ಈ ಕಾಗದವನ್ನು ಮಗಳು ಆಗ ಅಂಚೆಗೆ ಹಾಕಲಿಲ್ಲ.)

ಅಪ್ಪಾ,

ನಿನ್ನನ್ನು ತಡೆಯಲೇಬೇಕೆಂದು ಹೊರಟಿದ್ದೆ. ಅಮ್ಮನಿಗೆ ಡ್ರೆಸಿಂಗ್ ಮಾಡಲು ವಾರಕ್ಕೆ ಮೂರು ಬೆಳಿಗ್ಗೆ ಮನೆಗೆ ಬರುತ್ತಿದ್ದ ನರ್ಸಕ್ಕನನ್ನು ಹುಡುಕಿಕೊಂಡು ಹೋದೆ. ಅವಳೂ ಪ್ರತಿಸಲ ಅಂಕಿ ಕೇಳಿ ತನ್ನ ಹಾಳೆಯಲ್ಲಿ ಬರೆದಿರುತ್ತಾಳಲ್ಲ, ಆ ಹಾಳೆ ತೋರಿಸಿ ನಿನ್ನ ನೋಟ್‌ಬುಕ್ ಸುಳ್ಳು ಎಂದು ವಿಭಾಗದವರಿಗೆ ಹೇಳುವುದು ನನ್ನ ಲೆಕ್ಕಾಚಾರ.

ಹಾಳೆಗಳಲ್ಲಿ ಏಳು, ಎಂಟು, ಎಂಟು, ಒಂಬತ್ತು.

"ನಮ್ಮಪ್ಪ ಮೂರು ಅಂತ ಬರ್ಕೊಂಡಿದ್ದಾರೆ," ಎಂದೆ.

"ನಿಮ್ಮಪ್ಪ ಸುಳ್ ಬರ್ದಿಲ್ಲ ಕಣಮ್ಮಾ," ಎಂದಳು. "ನಿಮ್ಮಮ್ಮ ಹೇಳಿದ್ದನ್ನೇ ಬರ್ದಿದ್ದಾರೆ. ಸುಳ್ ಹೇಳಿದ್ದು ನಿಮ್ಮಮ್ಮ. ಡೋಸ್ ಜಾಸ್ತಿ ಮಾಡ್ಸೋಣ ಅಂತ ನಾನು ಕೈ ಮುಗಿದು ಕೇಳ್ಕೊಂಡೆ. ಒಪ್ಲಿಲ್ಲ. 'ಜಾಸ್ತಿ ಮಾಡಿದ್ರೆ ನಿದ್ದೆ ಹತ್ತುತ್ತೆ. ನಾಲ್ಕ್ ಗಂಟೆಗೆ ಅವರು ಅಂಗಡಿ ಮುಚ್ಕೊಂಡು ಓಡೋಡಿ ಬರ್ತಾರೆ. ನಾನ್ ಮಲಗಿಬಿಟ್ರೆ ಆ ಕೈಗೆ ಏನ್ ಕೆಲ್ಸ ಹೇಳು, ಪಾಪ?' ಅಂದ್ರು. ಕಾಲು ಮುಟ್ಟಿದ್ರೇ ಉರಿಯೋದು ಅವ್ರಿಗೆ. ಕ್ಯಾನ್ಸರಿಗೆ ಕೊಟ್ಟ ಔಷಧಿಗಳಿಂದ ಪಾದದ ನರ ಎಲ್ಲ ಹಾಳಾಗಿತ್ತು. 'ಒಂದ್ ಗಂಟೆ ತಾನೆ, ಹಲ್ಲು ಕಚ್ಕೊಂಡು ಇರ್ತೀನಿ' ಅನ್ನೋರು. ಯಾರಿಗೂ ಹೇಳ್ಬೇಡ, ಡಾಕ್ಟ್ರಿಗೂ ಈ ಹಾಳೆ ತೋರಿಸ್ಬೇಡ ಅಂತ ಮಾತು ತಗೊಂಡಿದ್ರು."

ನೀನು ನೀವಿದ್ದೇ ಅವಳಿಗೆ ನೋವು ಕೊಡುತ್ತಿತ್ತು ಅಪ್ಪಾ. ಅದನ್ನು ನಿನಗೆ ನಾನು ಹೇಗೆ ಹೇಳಲಿ? ನೀನು ಸುಳ್ಳು ಬರೆದೆ ಎಂದು ಬೈದೆ. ಸುಳ್ಳು ನಿನ್ನದಲ್ಲ ಎಂದು ಹೇಳಬೇಕಾದರೆ ಅದಕ್ಕಿಂತ ಕೆಟ್ಟ ನಿಜವನ್ನೇ ನಿನ್ನ ಕೈಗೆ ಕೊಡಬೇಕು. ಆ ಕೈ ಬಿಟ್ಟರೆ ನಿನ್ನ ಹತ್ತಿರ ಉಳಿದಿರುವುದಾದರೂ ಏನು?


ಏಪ್ರಿಲ್ ೧೪

ಪ್ರೀತಿಯ ಅಪ್ಪನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ನೋಟ್‌ಬುಕ್ ಎಲ್ಲೋ ಕಳೆದುಹೋಗಿದೆ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಹಿಂದಿನ ಕಾಗದದಲ್ಲಿ ಏನೇನೋ ಬರೆದೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಕಾಲು ನೀವುತ್ತಿದ್ದುದರಿಂದ ಅಮ್ಮನಿಗೆ ತುಂಬ ಹಾಯಾಗುತ್ತಿತ್ತು, ಅದು ನನಗೆ ಗೊತ್ತು. ನಿನ್ನ ಕೈಗುಣ ದೊಡ್ಡದು. ದಾನ ಕೊಡಬೇಕೆಂದಿದ್ದರೆ ಕೊಡು, ನನ್ನದೇನೂ ಅಡ್ಡಿಯಿಲ್ಲ.

ಬಿಸಿಲಿಗೆ ಹೊರಗೆ ಹೋಗಬೇಡ.

ನಿನ್ನ ಪ್ರೀತಿಯ
ಮಗಳು


ಏಪ್ರಿಲ್ ೨೯

ಮೊಳೆ, ನನ್ನ ಪುಟ್ಟ ಮೊಳೆ,

ನೀನು ಹುಟ್ಟಿದಾಗಿನಿಂದ ಒಂದು ವಸ್ತುವನ್ನೂ ಕಳೆದವಳಲ್ಲ. ಮೂರನೇ ಕ್ಲಾಸಿನ ರಬ್ಬರ್ ಇನ್ನೂ ಇದೆ ನಿನ್ನ ಹತ್ತಿರ. ಸಾಲದ್ದಕ್ಕೆ ನನ್ನ ಕೈಗುಣ ಬೇರೆ ಹೊಗಳಿದ್ದೀಯ. ನನ್ನನ್ನು ನೀನು ಯಾವತ್ತು ಹೊಗಳಿದವಳು? ನಿನ್ನ ಅಮ್ಮನ ಮಗಳೇ ಸರಿ. ಅವಳೂ ಸುಳ್ಳು ಹೇಳುವಾಗ ಹೀಗೇ, ಸಕ್ಕರೆ ಒಂದು ಚಮಚ ಜಾಸ್ತಿ.

ನರ್ಸಕ್ಕನನ್ನು ನೋಡಿದ್ದೀಯ ಅಲ್ಲವೇ?

ನನ್ನನ್ನು ಕಾಪಾಡಲು ಹೋಗಬೇಡ ಮಗಳೇ. ನನಗೆ ಗೊತ್ತಿತ್ತು. ಮೊದಲ ವಾರದಿಂದಲೇ ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಲವತ್ತೊಂದು ವರ್ಷ ಗಿರಾಕಿಯ ಬಾಯಿ ಬಿಟ್ಟು ಬೆರಳು ನಂಬಿದವನು ನಾನು. ಅವಳು "ಮೂರು" ಅನ್ನುವಾಗ ಅವಳ ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಹೋಗಿ ಅವಿತುಕೊಳ್ಳುತ್ತಿತ್ತು. ಅಂಗಾಲು ಮರದ ಹಾಗೆ ಬಿಗಿಯುತ್ತಿತ್ತು. ಬಾಯಿ ಮೂರು, ಪಾದ ಎಂಟು. ನಾನು ನೋಟ್‌ಬುಕ್ಕಿನಲ್ಲಿ ಮೂರು ಎಂದು ಬರೆದೆ.

ಎರಡನೆಯ ತಿಂಗಳಿನಿಂದ ನಾನು ನೀವಲೇ ಇಲ್ಲ. ಅಂಗೈಗೆ ಎಣ್ಣೆ ಹಚ್ಚಿಕೊಂಡು ಪಾದಕ್ಕೆ ತಾಗಿಯೂ ತಾಗದ ಹಾಗೆ ಮೇಲೆ ಕೆಳಗೆ ಆಡಿಸುತ್ತಿದ್ದೆ. "ಆಹಾ, ಈಗ ಹಾಯಾಯ್ತು ನೋಡಿ," ಅನ್ನುತ್ತಿದ್ದಳು. ನಾನು ನೀವುವ ನಾಟಕ, ಅವಳು ಹಾಯಾದ ನಾಟಕ. ಆಮೇಲೆ ಬೀದಿಯ ಸುದ್ದಿ, ಗಿರಾಕಿಗಳ ಸುದ್ದಿ, ನಿನ್ನ ಸುದ್ದಿ. ಆ ಒಂದು ಗಂಟೆ ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಎಂಟು ಎಂದು ಬರೆದರೆ ನೀನು ಔಷಧಿ ಹೆಚ್ಚಿಸುತ್ತೀಯ, ಅವಳು ಮಲಗಿಬಿಡುತ್ತಾಳೆ, ನಾಲ್ಕು ಗಂಟೆಗೆ ನಾನು ಯಾರ ಹತ್ತಿರ ಹೋಗಲಿ? ನನಗಾಗಿ ಅವಳು ಎಚ್ಚರ ಇರುತ್ತಾಳೆ ಎಂದು ಗೊತ್ತಿದ್ದೂ ಎಚ್ಚರ ಇರಲು ಬಿಟ್ಟೆ. ವಾರ್ಡಿನಲ್ಲಿ ಆ ಚಿಕ್ಕ ಡಾಕ್ಟರು ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದ್ದು ಅದಕ್ಕೇ. ನೀನು ಹೆಮ್ಮೆ ಎಂದುಕೊಂಡೆ. ಅದು ಕಳ್ಳತನ. ಅವಳ ನೆಮ್ಮದಿಯನ್ನು ದಿನಕ್ಕೊಂದು ಗಂಟೆಯ ಹಾಗೆ ಕದ್ದೆ.

ಈಗ ಹೇಳು, ಆ ದಾನ ನನ್ನ ಕೈ ಮೆರೆಸಲಿಕ್ಕೇನು? ದಾನಪತ್ರದಲ್ಲಿ ಒಂದೇ ಒಂದು ಷರತ್ತು ಬರೆಸಿದ್ದೇನೆ. ಅಂಕಿ ಕೇಳುವವರು ನೀವುವವರಾಗಿರಬಾರದು, ಗಂಡ ಹೆಂಡತಿ ಮಕ್ಕಳಾಗಿರಬಾರದು, ಕೇಳುವಾಗ ಮನೆಯವರು ಯಾರೂ ಕೋಣೆಯಲ್ಲಿ ಇರಬಾರದು. ಹಾಗೆ ಕೇಳುವುದನ್ನು ಆ ಹನ್ನೆರಡು ಹುಡುಗಿಯರಿಗೂ ಅವರ ನಂತರ ಬರುವವರಿಗೂ ಕಲಿಸಬೇಕು. ಇನ್ಯಾರೋ ಒಬ್ಬ ಹೆಂಗಸು ಪ್ರೀತಿಗಾಗಿ ಮೂರು ಎನ್ನುವಂತೆ ಆಗಬಾರದು. ಕಿರ್ರು ಡಾಕ್ಟರು ಅದನ್ನು ಎರಡು ಸಲ ಓದಿದರು. ಆಮೇಲೆ, "ಇದನ್ನ ನಾವೇ ಬರೀಬೇಕಿತ್ತು," ಎಂದರು.

ನೋಟ್‌ಬುಕ್ಕನ್ನು ಅವರಿಗೆ ಕಳಿಸು. ಒಳ್ಳೆಯ ಮನೆಯಲ್ಲಿ ಅಂಕಿ ಹೇಗೆ ತಪ್ಪುತ್ತದೆ ಎಂದು ಪಾಠ ಮಾಡಲಿ.

ಇದರ ಜೊತೆಗೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ನಿನ್ನ ಅಮ್ಮನ ಜೋಡಿ ಅಚ್ಚು. ಅಭ್ಯಾಸ ಬಲ, ಮೊಳೆ. ನೋಟ್‌ಬುಕ್ಕಿನಲ್ಲಿ ಅವಳು ಹೇಳಿದ್ದು ಬರೆದ ಮೇಲೆ, ಮರುದಿನ ಅಂಗಡಿಗೆ ಹೋದ ಕೂಡಲೇ ಅಚ್ಚಿನ ಮೇಲೆ ಪಾದ ಹೇಳಿದ್ದು ಬರೆಯುತ್ತಿದ್ದೆ. ಮೊದಲ ಆರು ವಾರ ಎಡಗಾಲು, ಉಳಿದದ್ದು ಬಲಗಾಲು. ತಾರೀಕು ಇದೆ. ಯಾರಿಗೂ ತೋರಿಸಿಲ್ಲ.

ನಿನ್ನ
ಅಪ್ಪ


ಜೂನ್ ೨

ಅಪ್ಪಾ,

ಪೆಟ್ಟಿಗೆ ಬಂದು ಒಂದು ತಿಂಗಳಾಯಿತು. ಮೊದಲ ಮೂರು ವಾರ ತೆರೆಯಲಿಲ್ಲ.

ನೋಟ್‌ಬುಕ್ಕನ್ನು ಕಿರ್ರು ಡಾಕ್ಟರಿಗೆ ಕಳಿಸಿದ್ದೇನೆ. ಏಪ್ರಿಲ್‌ನಲ್ಲಿ ನಿನಗೆ ಬರೆದು ಕಳಿಸದೆ ಇಟ್ಟ ಕಾಗದ ಇದರ ಜೊತೆ ಇದೆ. ಅದರಲ್ಲಿರುವುದೆಲ್ಲ ನಿನಗೆ ನನಗಿಂತ ಮೊದಲೇ ಗೊತ್ತಿತ್ತು. ಆದರೂ ಓದು. ನಾಲ್ಕು ಗಂಟೆಯ ಆ ಹೊತ್ತು ಅವಳಿಗೂ ಬೇಕಾಗಿತ್ತು ಅಪ್ಪಾ. ಕದ್ದದ್ದು ನೀನೊಬ್ಬನೇ ಅಲ್ಲ. ಇದು ಸಕ್ಕರೆಯಲ್ಲ, ನರ್ಸಕ್ಕನ ಬಾಯಿಂದ ಕೇಳಿದ್ದು.

ನಿನ್ನೆ ಭಾನುವಾರ ಮೇಜಿನ ಮೇಲೆ ಒಂದು ಕಡೆ ಅಮ್ಮನ ಅಚ್ಚುಗಳನ್ನು, ಇನ್ನೊಂದು ಕಡೆ ನರ್ಸಕ್ಕ ಕೊಟ್ಟ ಹಾಳೆಗಳ ನಕಲನ್ನು ಇಟ್ಟುಕೊಂಡು ಕೂತೆ. ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ ಎಂದು ನೀನು ಅವಳನ್ನು ರೇಗಿಸುತ್ತಿದ್ದೆಯಲ್ಲ, ಮರದಲ್ಲೂ ಹಾಗೇ ಇದೆ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಆಮೇಲೆ ಒಂದೊಂದೇ ತಾರೀಕು ಹೋಲಿಸಿದೆ. ನರ್ಸಕ್ಕ ಬಂದದ್ದು ಮೂವತ್ತೊಂಬತ್ತು ದಿನ. ಅವಳು ಕೇಳಿದ್ದು ಬೆಳಿಗ್ಗೆ, ನೀನು ನೋಡಿದ್ದು ಸಂಜೆ. ಆದರೂ ಮೂವತ್ತಾರು ದಿನ ಅಮ್ಮ ಅವಳಿಗೆ ಹೇಳಿದ ಅಂಕಿಯೂ ನೀನು ಮರದ ಮೇಲೆ ಬರೆದ ಅಂಕಿಯೂ ಒಂದೇ, ತಪ್ಪಿದರೆ ಒಂದು ಹೆಚ್ಚು, ಒಂದು ಕಡಿಮೆ. ನನ್ನ ಆಸ್ಪತ್ರೆಯ ಯಾವ ಯಂತ್ರವೂ ನೋವನ್ನು ಇಷ್ಟು ಸರಿಯಾಗಿ ಅಳೆಯುವುದಿಲ್ಲ.

ಮೂರು ದಿನ ಮಾತ್ರ ಕೂಡಿಬರಲಿಲ್ಲ. ಅಚ್ಚಿನ ಮೇಲೆ ಒಂಬತ್ತು, ಒಂಬತ್ತು, ಎಂಟು. ನರ್ಸಕ್ಕನ ಹಾಳೆಯಲ್ಲಿ ಎರಡು, ಎರಡು, ಮೂರು. ನೀನು ತಪ್ಪು ಬರೆದಿರಬೇಕು ಎಂದುಕೊಂಡೆ. ನಿನ್ನದೇ ತಪ್ಪಾಗಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ನರ್ಸಕ್ಕನಿಗೆ ಫೋನ್ ಮಾಡಿ ಕೇಳಿದೆ. "ಆ ಮೂರ್ ದಿನ ನಾನ್ ಅಂಕಿ ಕೇಳುವಾಗ ಕೋಣೆಯಲ್ಲಿ ಇನ್ನೊಬ್ರು ಇದ್ರಲ್ಲಮ್ಮಾ," ಎಂದಳು.

ಆಮೇಲೆ ಹಳೆಯ ಡ್ಯೂಟಿ ಪಟ್ಟಿ ತೆಗೆದು ನೋಡಿದೆ. ತೊಂಬತ್ತೊಂದು ದಿನಗಳಲ್ಲಿ ನಾನು ರಜೆ ಸಿಕ್ಕಿ ಮನೆಗೆ ಬಂದದ್ದು ಆ ಮೂರು ದಿನ.

ನಾನು ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆ ಅಪ್ಪಾ. ಅವಳ ಕೈ ಹಿಡಿದುಕೊಂಡು ಮುಖ ನೋಡುತ್ತಿದ್ದೆ. ಮುಖ ನಗುತ್ತಿತ್ತು. ಕಾಲಿನ ಕಡೆ ನಾನು ನೋಡಲಿಲ್ಲ.

ನಿನ್ನ
ಮೊಳೆ